ನಾಲ್ಕು ಸ್ಟೀಲ್ ಬಟ್ಟಲು, ನಾಲ್ಕು ಚಕ್ರ

ನಾನೇ ಮನೆಯಲ್ಲಿ ಕಟ್ಟಿದ ಕಾರು ಓಡತೊಡಗಿ ಮೂರು ತಿಂಗಳಾಯಿತು. ಬ್ರೇಕ್ ಹಿಡಿಯುತ್ತದೆ, ಗೇರ್ ಬೀಳುತ್ತದೆ, ಮಳೆ ಬಂದರೆ ಒಳಗೆ ಸ್ವಲ್ಪ ಸೋರುತ್ತದೆ. ಆದರೆ ನೋಡಲು ಬಂದವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ಎಲ್ಲ ಸರಿ, ಚಕ್ರ ಮಾತ್ರ ಬೋಳು ಬೋಳಾಗಿ ಉಂಟಲ್ಲ ಮಾರಾಯ." ಎರಡು ವರ್ಷ ಕೂತು ಚಾಸಿ ಬೆಸುಗೆ ಹಾಕಿ, ತಗಡು ಬಗ್ಗಿಸಿ, ವೈರಿಂಗ್ ಎಳೆದವನಿಗೆ ಈ ಮಾತು ಕೇಳಿ ಸಿಟ್ಟು ಬರಬೇಕು, ಆದರೆ ಬರಲಿಲ್ಲ. ಯಾಕೆಂದರೆ ಅವರು ಹೇಳುವುದು ನಿಜ. ಬಾಡಿ ಹಳೇ ಕಾಲದ ಕಾರಿನ ಹಾಗೆ ದುಂಡು ಮಡ್‌ಗಾರ್ಡಿನದು, ಚಕ್ರ ಮಾತ್ರ ಮಾರುತಿ 800ರ 12 ಇಂಚಿನ ಕಪ್ಪು ರಿಮ್ಮು. ಮದುವೆಗೆ ರೇಷ್ಮೆ ಉಟ್ಟು ಹವಾಯಿ ಚಪ್ಪಲಿ ಹಾಕಿದ ಹಾಗೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುತ್ತಾರೆ. ಈ ಕಾರು ರಸ್ತೆಗೆ ಹೋಗುವುದಿಲ್ಲ. ನಮ್ಮಲ್ಲಿ ಹೊಸ ಮಾದರಿಯ ವಾಹನ ರಸ್ತೆಗೆ ಇಳಿಯಬೇಕಾದರೆ ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಬೇಕು. ಕಾಸರಗೋಡಿನ ಬದಿಯಡ್ಕದ ಒಳಗಿನ ತೋಟದಲ್ಲಿ ಕೂತು ಸುತ್ತಿಗೆ ಹೊಡೆಯುವ ನನ್ನಂಥವನಿಗೆ ಅದು ಆಗುವ ಕೆಲಸ ಅಲ್ಲ. ಹಾಗಾಗಿ ಇದು ಗೇಟಿನಿಂದ ಅಂಗಳಕ್ಕೆ, ಅಂಗಳದಿಂದ ಕೆಳಗಿನ ತೋಟಕ್ಕೆ, ಅಲ್ಲಿಂದ ಅಡಿಕೆ ಗೋಣಿ ಹೇರಿಕೊಂಡು ವಾಪಸು, ಅಷ್ಟೆ. ಗಂಟೆಗೆ 20 ಕಿಲೋಮೀಟರ್ ದಾಟಿದರೆ ಅಮ್ಮ ಜಗಲಿಯಿಂದಲೇ ಕೂಗುತ್ತಾರೆ.

ಚಕ್ರ ಮುಚ್ಚುವ ಮೊದಲ ಪ್ರಯತ್ನ ಸುಲಭದ್ದು. ಅಂಗಡಿಯಲ್ಲಿ ಸಿಗುವ 12 ಇಂಚಿನ ಪ್ಲಾಸ್ಟಿಕ್ ವೀಲ್ ಕವರ್ ನಾಲ್ಕು ತಂದೆ. ಇವುಗಳ ಹಿಂದೆ ಸುತ್ತಲೂ ಪ್ಲಾಸ್ಟಿಕ್ ಕೊಕ್ಕೆಗಳು ಇರುತ್ತವೆ, ಆ ಕೊಕ್ಕೆಗಳನ್ನು ಒಳಗಿನಿಂದ ಹೊರಗೆ ಒತ್ತಿ ಹಿಡಿಯಲು ಒಂದು ಸ್ಟೀಲ್ ತಂತಿಯ ಬಳೆ. ರಿಮ್ಮಿನ ಒಳ ಅಂಚಿನಲ್ಲಿ ಒಂದು ಸಣ್ಣ ಮೆಟ್ಟಿಲು ಉಂಟು, ಕೊಕ್ಕೆ ಹೋಗಿ ಕೂರುವುದು ಅಲ್ಲಿ. ಇಡೀ ಕವರ್ ನಿಂತಿರುವುದು ಆ ಎರಡು ಮೂರು ಮಿಲಿಮೀಟರಿನ ಮೇಲೆ. ತಂತಿಯ ಬಳೆಯನ್ನು ಒಂದು ಕಡೆ ಬಗ್ಗಿಸಿರುತ್ತಾರೆ, ಆ ಬಗ್ಗು ಗಾಳಿ ತುಂಬುವ ವಾಲ್ವಿನ ಎದುರಿಗೇ ಬರಬೇಕು. ಇದು ಗೊತ್ತಿಲ್ಲದೆ ಮೊದಲ ಕವರನ್ನು ಅಡ್ಡಾದಿಡ್ಡಿ ಗುದ್ದಿದೆ. ತಂತಿ ಹೋಗಿ ವಾಲ್ವಿನ ರಬ್ಬರಿಗೆ ಒರಗಿ ಕೂತಿತ್ತು. ಅದೇ ಸ್ಥಿತಿಯಲ್ಲಿ ಓಡಿಸಿದ್ದರೆ, ಕವರ್ ಸ್ವಲ್ಪ ಸ್ವಲ್ಪವೇ ತಿರುಗಿ ವಾಲ್ವನ್ನೇ ಕೊಯ್ಯುತ್ತಿತ್ತು.

ಸರಿ ಮಾಡಿ ಹಾಕಿದೆ. ಚೆನ್ನಾಗಿಯೇ ಕಾಣುತ್ತಿತ್ತು. ಮರುದಿನ ತೋಟಕ್ಕೆ ಇಳಿಯುವ ಕೆಂಪುಕಲ್ಲಿನ ಇಳಿಜಾರಿನಲ್ಲಿ ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದೆ ನೋಡಿ, ಮುಂದಿನ ಬಲಚಕ್ರದ ಕವರ್ ಟಪ್ಪೆಂದು ಹಾರಿ, ನೆಟ್ಟಗೆ ನಿಂತು, ಕಂಗಿನ ಸಾಲಿನ ನಡುವೆ ಉರುಳಿಕೊಂಡು, ಬೇಲಿ ದಾಟಿ, ಕೆಳಗಿನ ಮನೆಯವರ ತೋಡಿಗೆ ಬಿತ್ತು. ಆಮೇಲೆ ಕೂತು ನೋಡಿದರೆ ಕಾರಣ ಎರಡು. ಗುಜರಿಯಿಂದ ತಂದ ಆ ರಿಮ್ಮಿನ ಅಂಚು ಎರಡು ಕಡೆ ಸ್ವಲ್ಪ ಬಗ್ಗಿತ್ತು. ಮೇಲಿಂದ ನಾನು ಆಸೆಯಿಂದ ಮೂರು ಕೋಟ್ ಪೇಂಟ್ ಹೊಡೆದು ಆ ಮೆಟ್ಟಿಲನ್ನೇ ಅರ್ಧ ಮುಚ್ಚಿಬಿಟ್ಟಿದ್ದೆ. ಚಕ್ರ ತಿರುವಿನಲ್ಲಿ ಭಾರ ಹೊತ್ತಾಗ ರಿಮ್ಮೂ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಕೊಕ್ಕೆಗೆ ಅಷ್ಟೇ ಸಾಕು.

ಕೇಬಲ್ ಟೈ ಹಾಕಬಹುದಿತ್ತು. ಅರ್ಧ ಊರಿನ ಕಾರುಗಳಲ್ಲಿ ವೀಲ್ ಕವರ್ ನಿಂತಿರುವುದೇ ಕೇಬಲ್ ಟೈಯಲ್ಲಿ. ಆದರೆ ಎರಡು ವರ್ಷ ಕಟ್ಟಿದ ಕಾರಿಗೆ ಪ್ಲಾಸ್ಟಿಕ್ ದಾರ ಕಟ್ಟುವುದಕ್ಕೆ ಮನಸ್ಸು ಬರಲಿಲ್ಲ.

ನನಗೆ ಬೇಕಾಗಿದ್ದು ಹಳೇ ಅಂಬಾಸಿಡರಿನ ಹಾಗಿನ ಹೊಳೆಯುವ ಬೋಗುಣಿ ಆಕಾರದ ಹಬ್ ಕ್ಯಾಪ್, ಅಂದರೆ ಚಕ್ರದ ನಡುವನ್ನು ಮುಚ್ಚುವ ಮುಚ್ಚಳ. ಗುಜರಿಯಲ್ಲಿ ಎರಡು ಸಿಕ್ಕಿತ್ತು ಕೂಡ, ಕ್ರೋಮ್ ಎದ್ದು ತುಕ್ಕು ಹಿಡಿದದ್ದು. ಅಂಬಾಸಿಡರ್ ಚಕ್ರ 15 ಇಂಚಿನದು, ಕ್ಯಾಪ್ ಕೂರಲು ಬೇಕಾದ ಉಬ್ಬು ಆ ಚಕ್ರದಲ್ಲೇ ಇರುತ್ತದೆ. ನನ್ನ 12 ಇಂಚಿನ ರಿಮ್ಮಿಗೆ ಹಿಡಿದು ನೋಡಿದರೆ ಮಗುವಿನ ತಲೆಗೆ ಅಜ್ಜನ ಮುಂಡಾಸು ಇಟ್ಟ ಹಾಗಿತ್ತು. ಅಲ್ಲಿಗೆ ಬಿಟ್ಟೆ.

ಬಟ್ಟಲಿನ ಯೋಚನೆ ಬಂದದ್ದು ಒಂದು ಉಪನಯನದ ಊಟದಲ್ಲಿ. ಪಲ್ಯ ಬಡಿಸುವವನ ಕೈಯಲ್ಲಿ ಚಪ್ಪಟೆ ತಳದ, ಎತ್ತರ ಅಂಚಿನ ಒಂದು ಸ್ಟೀಲ್ ಬಟ್ಟಲು. ಅದನ್ನು ಕವುಚಿ ಹಾಕಿದರೆ ಹಬ್ ಕ್ಯಾಪೇ ಅಲ್ವಾ! ಪಕ್ಕದಲ್ಲಿ ಕೂತಿದ್ದ ಭಾವನಿಗೆ ಹೇಳಿದೆ. ಅವನು "ಮೊದಲು ಪಾಯಸ ಉಣ್ಣು" ಅಂದ.

ಕುಂಬಳೆಯ ಪಾತ್ರೆ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಐದು ತೆಗೆದುಕೊಂಡೆ. ನಾಲ್ಕು ಚಕ್ರಕ್ಕೆ, ಒಂದು ಹಾಳು ಮಾಡಲಿಕ್ಕೆ. ಬಾಯಿಯ ಅಗಲ 216 ಮಿ.ಮೀ., ಆಳ 38 ಮಿ.ಮೀ. ಈ ಅಗಲದಲ್ಲಿ ಒಂದು ಲಾಭ ಏನೆಂದರೆ ವಾಲ್ವ್ ಬಟ್ಟಲಿನ ಹೊರಗೇ ಉಳಿಯುತ್ತದೆ, ಗಾಳಿ ತುಂಬಲು ಏನೂ ಬಿಚ್ಚಬೇಕಾಗಿಲ್ಲ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿದ್ದೆ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಅದು ನಿಕ್ಕೆಲ್ ಇಲ್ಲದ ಜಾತಿಯ ಸ್ಟೀಲು, ನಮ್ಮ ಕರಾವಳಿಯ ಉಪ್ಪುಗಾಳಿಗೆ ಬೇಗ ಮಂಕಾಗುತ್ತದೆ. ಅಂಚಿನಲ್ಲಿ ಸ್ವಲ್ಪ ಎಳೆದರೆ ಹೆದರಬೇಕಾಗಿಲ್ಲ, ಒಳ್ಳೆಯ ಸ್ಟೀಲ್ ಕೂಡ ಒತ್ತಿ ಬಗ್ಗಿಸಿದ ಜಾಗದಲ್ಲಿ ಸ್ವಲ್ಪ ಅಯಸ್ಕಾಂತಕ್ಕೆ ಎಳೆಯುತ್ತದೆ. ಅಂಗಡಿಯವರು ನನ್ನನ್ನು ನೋಡುತ್ತಿದ್ದ ರೀತಿ ಮಾತ್ರ ಬೇರೆಯೇ ಇತ್ತು.

ಬಟ್ಟಲು ಸಿಕ್ಕಿತು. ಚಕ್ರಕ್ಕೆ ಹಿಡಿಸುವುದು ಹೇಗೆ?

ಮೂರು ಸಣ್ಣ ಪಟ್ಟಿಗಳನ್ನು ರಿಮ್ಮಿಗೆ ಬೆಸುಗೆ ಹಾಕಿ, ಅದಕ್ಕೆ ಬಟ್ಟಲನ್ನು ಸ್ಕ್ರೂ ಮಾಡುವುದು ಅಂತ ಯೋಚಿಸಿ ಚಕ್ರವನ್ನು ಟಯರ್ ಸಮೇತ ಪೆರ್ಲ ರಸ್ತೆಯ ವೆಲ್ಡಿಂಗ್ ಶೆಡ್ಡಿಗೆ ತೆಗೆದುಕೊಂಡು ಹೋದೆ. ಅಲ್ಲಿನ ವೆಲ್ಡರ್ ಏಟ್ಟ (ಮಲಯಾಳದಲ್ಲಿ ಅಣ್ಣ) ಚಕ್ರವನ್ನು ನೋಡಿ ಬೆಸುಗೆಯ ಹೋಲ್ಡರ್ ಕೆಳಗಿಟ್ಟರು. "ಟಯರ್ ಇರುವಾಗ ರಿಮ್ಮಿಗೆ ನಾನು ಬೆಂಕಿ ಮುಟ್ಟಿಸುವುದಿಲ್ಲ" ಅಂದರು. ಗಾಳಿ ತೆಗೆಯುತ್ತೇನೆ ಅಂದೆ. "ತೆಗೆದರೂ ಇಲ್ಲ." ಅವರು ಹೇಳಿದ್ದು ಸರಿ. ರಿಮ್ ಕಾದಾಗ ಒಳಗಿನ ರಬ್ಬರ್ ಬೆಂದು ಹೊತ್ತಿಕೊಳ್ಳುವ ಗ್ಯಾಸ್ ಆಗುತ್ತದೆ, ಅದು ಒಳಗೇ ಹೊತ್ತಿಕೊಂಡರೆ ಟಯರ್ ಬಾಂಬಿನ ಹಾಗೆ ಸಿಡಿಯುತ್ತದೆ. ಬೆಸುಗೆ ಮುಗಿಸಿ ಚಾ ಕುಡಿಯುತ್ತಿರುವಾಗಲೂ ಸಿಡಿಯಬಹುದು. ಟಯರ್ ಕಳಚಿ ತಂದರೂ ಭಾರ ಹೊರುವ ರಿಮ್ಮಿನ ಮೇಲೆ ಚಂದಕ್ಕೋಸ್ಕರ ಬೆಸುಗೆ ಹಾಕುವುದು ಬೇಡ ಅಂತಲೂ ಹೇಳಿದರು.

ಹಾಗಾದರೆ ನಾಲ್ಕು ತೂತಿನ ಒಂದು ತಗಡಿನ ಪ್ಲೇಟ್ ಮಾಡಿ ವೀಲ್ ನಟ್ಟಿನ ಅಡಿಗೆ ಕೊಟ್ಟು ಬಿಗಿದರೆ? ಇದು ನನ್ನ ಎರಡನೇ ಬುದ್ಧಿವಂತಿಕೆ. ಏಟ್ಟ ಮಾತಾಡದೆ ಒಂದು ನಟ್ಟನ್ನು ತಿರುಗಿಸಿ ಅದರ ತುದಿ ತೋರಿಸಿದರು. ನಟ್ಟಿನ ಮುಖ ಚಪ್ಪಟೆ ಅಲ್ಲ, ಲಾಳಿಕೆಯ ಹಾಗೆ ಓರೆ. ರಿಮ್ಮಿನ ತೂತಿನ ಅಂಚೂ ಅಷ್ಟೇ ಓರೆ. ಆ ಎರಡು ಓರೆಗಳು ಒಂದರೊಳಗೊಂದು ಕೂತರೆ ಮಾತ್ರ ಚಕ್ರ ನಡುಮಧ್ಯಕ್ಕೆ ಬರುತ್ತದೆ, ನಟ್ಟೂ ಬಿಗಿ ನಿಲ್ಲುತ್ತದೆ. ನಡುವೆ ತಗಡು ಸೇರಿಸಿದರೆ ಇವತ್ತು ಬಿಗಿ ಅನಿಸುತ್ತದೆ, ನಾಲ್ಕು ದಿನ ಓಡಿದ ಮೇಲೆ ತಗಡು ಜಜ್ಜಿಕೊಂಡು ತೆಳುವಾಗಿ ನಟ್ಟು ಸಡಿಲ. ಹಬ್ ಕ್ಯಾಪ್ ಅಲ್ಲ, ಚಕ್ರವೇ ತೋಡಿಗೆ ಹೋಗುತ್ತದೆ.

ದಾರಿ ಸಿಕ್ಕಿದ್ದು ಅದೇ ನಟ್ಟಿನಲ್ಲಿ. ತಲೆ ಮುಚ್ಚಿದ ನಟ್ಟು ಸಿಗುತ್ತದೆ, ಗುಮ್ಮಟದ ಹಾಗಿನದು. ಆ ಗುಮ್ಮಟಕ್ಕೆ ತೂತು ಕೊರೆದು 6 ಮಿ.ಮೀ. ಸ್ಕ್ರೂವಿಗೆ ಮರೆ (ಥ್ರೆಡ್) ಹಾಕಿದರೆ, ಬಟ್ಟಲನ್ನು ನಾಲ್ಕು ನಟ್ಟುಗಳ ತಲೆಗೇ ಸ್ಕ್ರೂ ಮಾಡಬಹುದು. ಚಕ್ರ ಹಿಡಿಯುವ ಓರೆ ಮುಖಕ್ಕೂ ಒಳಗಿನ ಮರೆಗೂ ಕೈ ಹಚ್ಚುವುದೇ ಇಲ್ಲ.

ಅಂಗಡಿಯಲ್ಲಿ ಕೊಟ್ಟ 16 ನಟ್ಟುಗಳನ್ನು ತಂದು ಹಾಕಲು ಹೋದರೆ ಎರಡು ಸುತ್ತು ಕೈಯಲ್ಲೇ ಹೋಯಿತು, ಮೂರನೇ ಸುತ್ತಿಗೆ ಗಟಕ್ ಅಂತ ನಿಂತಿತು. ಸ್ಪ್ಯಾನರ್ ಹಾಕಿ ತಿರುಗಿಸುವ ಆಸೆ ಆಯಿತು. ಪುಣ್ಯಕ್ಕೆ ಮಾಡಲಿಲ್ಲ. 800ರ ಸ್ಟಡ್, ಅಂದರೆ ವೀಲ್ ನಟ್ಟು ಕೂರುವ ಬೋಲ್ಟು, 12 ಮಿ.ಮೀ. ದಪ್ಪ, ಮರೆಯ ಅಂತರ 1.25 ಮಿ.ಮೀ. ಕೊಟ್ಟದ್ದು 1.5ರದ್ದು. ನೋಡಲು ಎರಡೂ ಅಣ್ಣ ತಮ್ಮ. ನಟ್ಟು ಕೈಯಲ್ಲೇ ಕೊನೆಯವರೆಗೆ ಸಲೀಸಾಗಿ ಹೋಗದಿದ್ದರೆ ಅದು ನಿಮ್ಮ ಸ್ಟಡ್ಡಿನದಲ್ಲ, ಅಷ್ಟೇ. ಹಿಂದೆ ಕೊಟ್ಟು ಸರಿಯಾದ್ದು ತಂದೆ.

ಗುಮ್ಮಟದ ಮೇಲೆ ಡ್ರಿಲ್ ಬಿಟ್ ನಿಲ್ಲುವುದಿಲ್ಲ, ಜಾರುತ್ತದೆ. ಹಾಗಾಗಿ ಮೊದಲು ಅರದಲ್ಲಿ ತಲೆಯನ್ನು ನಾಣ್ಯದಷ್ಟು ಚಪ್ಪಟೆ ಮಾಡಿದೆ. ಆಮೇಲೆ ಪಂಚ್ ಇಟ್ಟು ಒಂದು ಏಟು. ಆಮೇಲೆ 5 ಮಿ.ಮೀ. ಬಿಟ್. ಆಮೇಲೆ ತೂತಿನೊಳಗೆ ಮರೆ ಕೊರೆಯುವ ಟ್ಯಾಪ್. ಟ್ಯಾಪ್ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಪ್ರತಿ ಸಲ ಒಂದು ಹನಿ ಎಣ್ಣೆ. ಎಣ್ಣೆ ಯಾವುದು ಅಂತ ಕೇಳಿದರೆ ತೆಂಗಿನೆಣ್ಣೆ. ನಮ್ಮಲ್ಲಿ ಅದಕ್ಕೆ ಬರವಿಲ್ಲ, ಕೆಲಸವೂ ಆಗುತ್ತದೆ, ಶೆಡ್ಡು ಇಡೀ ಚಿಪ್ಸ್ ಕರಿಯುವ ಅಂಗಡಿಯ ಹಾಗೆ ಪರಿಮಳ. ಎರಡು ನಟ್ಟು ಚೆನ್ನಾಗಿ ಬಂತು. ಮೂರನೆಯದರಲ್ಲಿ ಧೈರ್ಯ ಜಾಸ್ತಿಯಾಗಿ ಹಿಂದಕ್ಕೆ ತಿರುಗಿಸುವುದನ್ನು ಮರೆತೆ. ಟಿಕ್. ಟ್ಯಾಪಿನ ಅರ್ಧ ನಟ್ಟಿನೊಳಗೆ, ಅರ್ಧ ನನ್ನ ಕೈಯಲ್ಲಿ. ಮುರಿದ ಟ್ಯಾಪನ್ನು ಸಾದಾ ಬಿಟ್ಟಿನಲ್ಲಿ ಕೊರೆದು ತೆಗೆಯಲು ಆಗುವುದಿಲ್ಲ, ಅದೂ ಬಿಟ್ಟಿನಷ್ಟೇ ಗಟ್ಟಿ. ಆ ನಟ್ಟು ಈಗ ಕಾಗದ ಹಾರದ ಹಾಗೆ ಮೇಜಿನ ಮೇಲೆ ಉಂಟು. ಹದಿನಾರೂ ಮುಗಿಯಲು ಎರಡು ಸಂಜೆ ಹಿಡಿಯಿತು.

ಬಟ್ಟಲಿಗೆ ತೂತು ಗುರುತು ಮಾಡುವುದು ನನಗೆ ತುಂಬ ಇಷ್ಟವಾದ ಕೆಲಸ. ಬಟ್ಟಲನ್ನು ಕಾಗದದ ಮೇಲೆ ಕವುಚಿ ಸುತ್ತ ಗೆರೆ ಎಳೆದು, ಕತ್ತರಿಸಿ, ನಾಲ್ಕು ಮಡಿಕೆ ಮಾಡಿದರೆ ಮಡಿಕೆಗಳು ಕೂಡುವ ಜಾಗವೇ ನಡು. 800ರಲ್ಲಿ ನಾಲ್ಕು ಸ್ಟಡ್ಡುಗಳು ಕೂರುವ ವೃತ್ತದ ಅಡ್ಡಳತೆ 114.3 ಮಿ.ಮೀ. ಅಂದರೆ ಕೈವಾರವನ್ನು ಅದರ ಅರ್ಧಕ್ಕೆ, 57 ಮಿ.ಮೀ.ಗೆ ಸ್ವಲ್ಪ ಮೇಲೆ ಇಟ್ಟು ವೃತ್ತ ಎಳೆಯುವುದು. ಮಡಿಕೆಯ ಗೆರೆಗಳು ಆ ವೃತ್ತವನ್ನು ಕಡಿಯುವ ನಾಲ್ಕು ಜಾಗಗಳೇ ತೂತು. ಸರಿ ಬಂತಾ ಅಂತ ನೋಡಲು ಅಕ್ಕಪಕ್ಕದ ಎರಡು ಗುರುತುಗಳ ನಡುವೆ ಅಳೆಯಿರಿ, 80.8 ಬರಬೇಕು. ನನಗೆ ಒಂದು ಕಡೆ 82 ಬಂತು. ಲೆಕ್ಕ ತಪ್ಪಲ್ಲ, ಕಾಗದ ಮಡಿಸುವಾಗ ಕೈ ತಪ್ಪಿತ್ತು. ಇನ್ನೊಂದು ಕಾಗದ. ಕೊನೆಗೆ ಕಾಗದವನ್ನು ಚಕ್ರಕ್ಕೇ ಒತ್ತಿ ಹಿಡಿದು ಗ್ರೀಸ್ ಕೈಯಿಂದ ನಟ್ಟಿನ ತಲೆಗಳ ಮೇಲೆ ಉಜ್ಜಿದೆ. ಕಪ್ಪು ಚಂದ್ರಗಳು ನಾಲ್ಕೂ ಗುರುತಿನ ಮೇಲೇ ಬಿದ್ದವು.

ಸ್ಟೀಲಿಗೆ ತೂತು ಕೊರೆಯುವಾಗ ಅವಸರ ಮಾಡಿದವನು ಕೆಟ್ಟ. ಬಿಟ್ ವೇಗವಾಗಿ ತಿರುಗಿ ಸುಮ್ನೆ ಉಜ್ಜುತ್ತಾ ಕೂತರೆ ಆ ಜಾಗ ಗಟ್ಟಿಯಾಗುತ್ತದೆ, ಮತ್ತೆ ಯಾವ ಬಿಟ್ಟೂ ಕಚ್ಚುವುದಿಲ್ಲ. ನಿಧಾನ ತಿರುಗಬೇಕು, ಗಟ್ಟಿ ಒತ್ತಬೇಕು, ಮತ್ತದೇ ತೆಂಗಿನೆಣ್ಣೆ. ತೆಳು ತಗಡಿನಲ್ಲಿ ಇನ್ನೊಂದು ಕಾಟ: ಸಾದಾ ಬಿಟ್ ದುಂಡಗಿನ ತೂತು ಮಾಡುವ ಬದಲು ಮೂರು ಮೂಲೆಯ ತೂತು ಮಾಡುತ್ತದೆ, ಕೊನೆಗೆ ತಗಡನ್ನೇ ಕಚ್ಚಿ ಗಿರ್ರೆಂದು ತಿರುಗಿಸುತ್ತದೆ. ಐದನೇ ಬಟ್ಟಲು ಹೋದದ್ದು ಹಾಗೆ, ಹೆಬ್ಬೆರಳಿನ ಪಕ್ಕ ಸ್ವಲ್ಪ ಚರ್ಮವೂ. ಅದರ ಮೇಲೆ ಬುದ್ಧಿ ಬಂದು, ಅಡಿಗೆ ಹಲಸಿನ ಹಲಗೆಯ ತುಂಡು ಕೊಟ್ಟು, ಬಟ್ಟಲನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಮೊದಲು 3 ಮಿ.ಮೀ. ತೂತು ಮಾಡಿ ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಸ್ಟೆಪ್ ಬಿಟ್ಟಿನಲ್ಲಿ ದೊಡ್ಡದು ಮಾಡಿದೆ. ಬೆಣ್ಣೆ ಕೊಯ್ದ ಹಾಗೆ ಬಂತು.

ಇನ್ನು ಆಳದ ಲೆಕ್ಕ. ಮುಂದಿನ ಚಕ್ರದ ನಡುವಿನಲ್ಲಿ ಡ್ರೈವ್ ಶಾಫ್ಟಿನ ದೊಡ್ಡ ನಟ್ಟು ಉಂಟು, ಹಿಂದೆ ಬೇರಿಂಗ್ ಮುಚ್ಚುವ ಗ್ರೀಸ್ ಕ್ಯಾಪ್. ಬಟ್ಟಲಿನ ತಳ ಅದಕ್ಕೆ ತಾಗಬಾರದು. ಒಳಗೆ ಇಣುಕಿ ನೋಡಲು ಆಗುವುದಿಲ್ಲವಲ್ಲ. ಬೆಳಿಗ್ಗೆ ಅಮ್ಮ ರೊಟ್ಟಿಗೆ ಕಲಸಿದ ಅಕ್ಕಿ ಹಿಟ್ಟಿನಿಂದ ನಿಂಬೆಯಷ್ಟು ಎರಡು ಉಂಡೆ ಕದ್ದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದನ್ನು ಮುಂದೆ ಒಂದನ್ನು ಹಿಂದೆ ಅಂಟಿಸಿ ಬಟ್ಟಲು ಒತ್ತಿದೆ. ತೆಗೆದು ನೋಡಿದರೆ ಮುಂದಿನ ಉಂಡೆ 9 ಮಿ.ಮೀ. ದಪ್ಪ ಉಳಿದಿತ್ತು, ಹಿಂದಿನದು 3. ತಾಗುವುದಿಲ್ಲ. ಉಂಡೆಗಳನ್ನು ವಾಪಸು ಪಾತ್ರೆಗೆ ಹಾಕಲಿಲ್ಲ, ಕಸಕ್ಕೆ ಹಾಕಿದೆ, ಇದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು.

ಬಟ್ಟಲಿನ ಅಂಚು ರಿಮ್ಮಿಗೆ ತಾಗದೆ 2 ಮಿ.ಮೀ. ದೂರ ನಿಲ್ಲಬೇಕು ಅಂತ ಇಟ್ಟುಕೊಂಡೆ, ಬ್ರೇಕ್ ಡ್ರಮ್ಮಿನ ಬಿಸಿ ಹೊರಗೆ ಹೋಗಲು ರಿಮ್ಮಿನಲ್ಲಿ ಕಿಂಡಿಗಳಿವೆ, ಅವನ್ನು ಮುಚ್ಚುವುದು ಬೇಡ ಅಂತ. ಬಟ್ಟಲಿನ ಆಳ 38, ಅದಕ್ಕೆ 2 ಸೇರಿಸಿದರೆ 40. ನಟ್ಟಿನ ತಲೆ ರಿಮ್ಮಿನ ಅದೇ ಮಟ್ಟದಿಂದ 33ರಲ್ಲಿ ನಿಲ್ಲುತ್ತದೆ. ಉಳಿದ 7ಕ್ಕೆ ನೈಲಾನ್ ಕಡ್ಡಿಯಿಂದ ತೂತಿನ ಬಿಲ್ಲೆಗಳನ್ನು ಲೇತಿನಲ್ಲಿ ಕೊಯ್ಸಿದೆ. ನೈಲಾನ್ ಯಾಕೆಂದರೆ ಸ್ಟೀಲೂ ಕಬ್ಬಿಣವೂ ಒದ್ದೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಜೂನಿನಿಂದ ನಾಲ್ಕು ತಿಂಗಳು ಒದ್ದೆಯೇ ಇರುವ ಊರು ನಮ್ಮದು.

ನಾಲ್ಕೂ ಹಾಕಿ ದೂರ ನಿಂತು ನೋಡಿದೆ. ಚಂದ ಉಂಟು. ಸ್ಟಾರ್ಟ್ ಮಾಡಿ ಹೊರಟರೆ ನಾಲ್ಕೂ ಚಕ್ರದಿಂದ ಜಾತ್ರೆಯ ಗಿಲಕಿಯ ಸದ್ದು. ಇಳಿದು ಸ್ಕ್ರೂ ಮುಟ್ಟಿದರೆ ಎಲ್ಲ ಬಿಗಿ. ಬಟ್ಟಲು ಮುಟ್ಟಿದರೆ ಅಲ್ಲಾಡುತ್ತದೆ. ಸ್ಕ್ರೂ ಬಿಗಿ, ಬಟ್ಟಲು ಸಡಿಲ, ಇದೆಂಥ ಮಾಯೆ ಅಂತ ಒಂದು ಗಂಟೆ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ಸ್ಕ್ರೂ ಬಿಚ್ಚಿ ನೋಡಿದರೆ ತುದಿ ಹೊಳೆಯುತ್ತಿತ್ತು. ನಾನು ಹಾಕಿದ್ದು 20 ಮಿ.ಮೀ. ಉದ್ದದ್ದು. ಅದು ನಟ್ಟಿನ ಗುಮ್ಮಟ ದಾಟಿ ಒಳಗೆ ಹೋಗಿ ಸ್ಟಡ್ಡಿನ ತಲೆಗೆ ಗುದ್ದಿ ನಿಂತಿತ್ತು. ಬಿಗಿ ಅನಿಸಿದ್ದು ಆ ಗುದ್ದು. ಬಿಲ್ಲೆ 7, ವಾಷರುಗಳು 3, ತಗಡು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ನಟ್ಟಿನೊಳಗೆ 5 ಬೇಕು, ಅಂದರೆ 16 ಮಿ.ಮೀ. ಸಾಕಿತ್ತು. ಮೊದಲೇ ಕೂಡಿಸಿ ನೋಡಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

16ರದ್ದು ಹಾಕಿದ ಮೇಲೆ ಗಿಲಕಿ ನಿಂತಿತು. ಹಿಂದಿನ ಎಡಚಕ್ರದಲ್ಲಿ ಮಾತ್ರ ಸಣ್ಣ ಕಿರಕಿರ, ಅಲ್ಲಿ ರಿಮ್ ಸ್ವಲ್ಪ ಉಬ್ಬಿ ಬಟ್ಟಲಿನ ಅಂಚಿಗೆ ತಾಗುತ್ತಿತ್ತು. ಅಂಚಿಗೆ ರಬ್ಬರ್ ಬೀಡಿಂಗ್ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ತೋಟದ ಹನಿ ನೀರಾವರಿಯ ತೆಳು ಪೈಪು. ಬಿಸಿನೀರಿನಲ್ಲಿ ಎರಡು ನಿಮಿಷ ಮೆತ್ತಗೆ ಮಾಡಿ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದೆ. ಅಳತೆ ಮಾಡಿ ತಂದ ಹಾಗೆ ಕೂತಿತು. ಅಂಚಿನಲ್ಲಿ ಕೈ ಕೊಯ್ಯುವ ಭಯವೂ ಹೋಯಿತು. ಪೈಪಿನ ತುಂಡು ಸಾಲದೆ ಕೆಳಗಿನ ಮನೆಗೆ ಕೇಳಲು ಹೋದಾಗ ನನ್ನ ಕಳೆದುಹೋದ ವೀಲ್ ಕವರ್ ಸಿಕ್ಕಿತು. ಅಂಗಳದ ಮೂಲೆಯಲ್ಲಿ ಬಟ್ಟಲಿನ ಹಾಗೆ ಇಟ್ಟು ಕೋಳಿಗಳಿಗೆ ನೀರು ಹಾಕಿದ್ದರು. ತೂತುಗಳಿಗೆ ಡಾಂಬರು ಮೆತ್ತಿದ್ದರು. ವಾಪಸು ಬೇಕಾ ಅಂತ ಕೇಳಿದರು, ಬೇಡ ಅಂದೆ.

ಈ ವ್ಯವಸ್ಥೆಯ ಒಂದು ಕೊರತೆ ಎಂದರೆ ವೀಲ್ ನಟ್ಟುಗಳು ಈಗ ಬಟ್ಟಲಿನ ಒಳಗೆ, ಸಡಿಲವಾದರೆ ಹೊರಗಿಂದ ಕಾಣುವುದಿಲ್ಲ. ಹಾಗಾಗಿ ಪ್ರತಿ ನಟ್ಟಿನಿಂದ ರಿಮ್ಮಿಗೆ ಹಳದಿ ಪೇಂಟಿನ ಒಂದು ಗೆರೆ ಎಳೆದಿದ್ದೇನೆ. ತಿಂಗಳಿಗೊಮ್ಮೆ ಬಟ್ಟಲು ಬಿಚ್ಚಿ ನೋಡುವುದು, ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ. ಮೊದಲ ವಾರದ ಮಳೆಗೇ ಸಾದಾ ಸ್ಕ್ರೂಗಳಿಂದ ಬಟ್ಟಲಿನ ಮೇಲೆ ಕಂದು ಗೆರೆ ಇಳಿಯಿತು. ಸ್ಟೀಲ್ ಸ್ಕ್ರೂವಿಗೆ ಬದಲಾಯಿಸಿ, ಕಚ್ಚಿಕೊಳ್ಳದ ಹಾಗೆ ಮರೆಗೆ ಗ್ರೀಸ್ ಹಚ್ಚಿದೆ.

ಮುಂದಿನ ಬಲಚಕ್ರದ ಬಟ್ಟಲು ನಡುವಿನಿಂದ ಒಂದೂವರೆ ಮಿ.ಮೀ. ಆಚೆ ಉಂಟು. ನಿಧಾನ ತಿರುಗುವಾಗ ಕಣ್ಣಿಗೆ ಕಾಣುತ್ತದೆ, ನನಗೆ ಮಾತ್ರ. ಈ ವೇಗಕ್ಕೆ ಅದರಿಂದ ಚಕ್ರಕ್ಕೆ ಏನೂ ಆಗುವುದಿಲ್ಲ. ಆದರೂ ಮುಂದಿನ ಸಲ ಕುಂಬಳೆಗೆ ಹೋದಾಗ ಒಂದು ಬಟ್ಟಲು ತರಬೇಕು. ಅಮ್ಮ ಎರಡು ತಾ ಅಂದಿದ್ದಾರೆ, ಅಡುಗೆಮನೆಗೂ ಒಂದು ಬೇಕಂತೆ.